ಹಿಂದಿನ ಗೇಟಿನ ಗುರುತು

“ಅಕ್ಕಾ, ನಾಯಿ ಕಟ್ಟಿಲ್ಲ. ಬೇಗ ನೋಡಿ ಏಳಿ,” ಎಂದಳು ಅಡುಗೆಯಾಕೆ.

ನಾನು ಬಂಗಲೆಯ ಮುಂದಿನ ಗೇಟಿನ ಕಂಬದೆದುರು ಕುಕ್ಕರಗಾಲಿನಲ್ಲಿ ಕೂತಿದ್ದೆ. ಪೊಲೀಸ್ ಕೆಲಸದಲ್ಲಿ ಸವೆಸಿದ ಮಂಡಿಗಳು ಇವು. ಕೂರಲು ಒಪ್ಪುತ್ತವೆ, ಏಳಲು ತಕರಾರು ಮಾಡುತ್ತವೆ. ಸರಳುಗಳ ಆಚೆ ನಿಂತ ನಾಯಿ ಕರುವಿನಷ್ಟಿತ್ತು. ಅದರ ಊಟಕ್ಕೆ ಹೋಗುವ ದುಡ್ಡಿನಲ್ಲಿ ಗುಡ್ಡದ ಕೆಳಗಿನ ತಗ್ಗಿನ ಓಣಿಯಲ್ಲಿ ಒಂದು ಸಂಸಾರ ನಡೆಯುತ್ತದೆ. ಹೊಟ್ಟೆಯುರಿಯಿಂದ ಹೇಳುತ್ತಿಲ್ಲ ಎಂದರೆ ಅದು ಸುಳ್ಳು.

ಕಂಬದ ಕಪ್ಪು ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಮನೆಯ ಸಂಖ್ಯೆ ಬರೆದಿತ್ತು. ಅದರ ಸುತ್ತ ಒಂದು ಚೌಕ.

“ಇದನ್ನ ಯಾರೂ ಒರೆಸಿಲ್ವಾ?”

“ಗೇಟು ಒರೆಸೋದು ನಮ್ಮನೆಯವರ ಕೆಲಸ. ಅವರು ಜೈಲಲ್ಲಿದ್ದಾರಲ್ಲ ಅಕ್ಕಾ.”

ಆಕೆಯ ಗಂಡ ಈ ಬಂಗಲೆಯ ಕಾವಲುಗಾರ. ಸರಾಸರಿ ಮೇಷ್ಟ್ರನ್ನು ಹಿತ್ತಲ ಮೆಟ್ಟಿಲಿನಿಂದ ತಳ್ಳಿ ಕೊಂದನೆಂದು ಅವನನ್ನು ಹಿಡಿದುಕೊಂಡು ಹೋಗಿದ್ದರು. ಮರುದಿನ ಜಾಮೀನು ಅರ್ಜಿ ವಿಚಾರಣೆಗಿತ್ತು. ನಿವೃತ್ತಿಯ ಮೇಲೆ ಇಂಥವರ ವಕೀಲರಿಗೆ ಪುರಾವೆ ಹುಡುಕಿಕೊಡುವ ನನ್ನ ಬಳಿಗೆ ಆಕೆ ಬಂದಿದ್ದಳು.

ಸರಾಸರಿ ಮೇಷ್ಟ್ರು ನಿಜಕ್ಕೂ ಮೇಷ್ಟ್ರಲ್ಲ. ಯಾವ ಬಡಾವಣೆಯವರು ಎಷ್ಟು ಸಂಪಾದಿಸುತ್ತಾರೆ ಎಂದು ಮನೆ ಮನೆಗೆ ಹೋಗಿ ಕೇಳಿ ನಕ್ಷೆ ಮಾಡುವ ಕಚೇರಿಯಲ್ಲಿ ಮೇಲ್ವಿಚಾರಕರು. ಊಟ ಹೇಗಿತ್ತು ಎಂದರೂ “ಸರಾಸರಿ” ಎನ್ನುತ್ತಿದ್ದರಂತೆ, ಹೆಂಡತಿ ಹೇಗಿದ್ದಾರೆ ಎಂದರೂ ಅದೇ. ಅಂಥ ನಿರುಪದ್ರವಿ ಮನುಷ್ಯ ಬಂಗಲೆಯ ಹಿಂದೆ, ಕಾವಲುಗಾರನ ಕೋಣೆಯ ಬಾಗಿಲಲ್ಲೇ, ತಲೆ ಒಡೆದು ಸತ್ತು ಬಿದ್ದಿದ್ದರು. ಅವರ ಕೈಗಡಿಯಾರ ಕಾವಲುಗಾರನ ದಿಂಬಿನಡಿ ಸಿಕ್ಕಿತು. ಪೊಲೀಸರಿಗೆ ಅಷ್ಟು ಸಾಕಾಯಿತು.

ನನಗೆ ಸಾಕಾಗಲಿಲ್ಲ. ಗಡಿಯಾರಕ್ಕಾಗಿ ಕೊಂದವನು ತಾನೇ ಪೊಲೀಸರಿಗೆ ಫೋನು ಮಾಡಿ, ಅವರು ಬರುವವರೆಗೂ ಆ ಗಡಿಯಾರವನ್ನು ದಿಂಬಿನಡಿ ಇಟ್ಟುಕೊಂಡು ಕೂರುತ್ತಾನೆಯೆ? ಅಷ್ಟು ದಡ್ಡ ಕಳ್ಳನನ್ನು ನನ್ನ ಇಡೀ ನೌಕರಿಯಲ್ಲಿ ಕಂಡಿಲ್ಲ. ಜೈಲಿಗೆ ಹೋಗಿ ಕೇಳಿದರೆ ಅವನು ಬಾಯಿಗೆ ಬೀಗ ಹಾಕಿಕೊಂಡಿದ್ದ. ಸಿಟ್ಟು ನೆತ್ತಿಗೇರಿ ನಾನೇ ಎದ್ದು ಬಂದಿದ್ದೆ.

“ಛತ್ರಿ ಬಂದ ನೋಡಿ,” ಎಂದಳು ಅಡುಗೆಯಾಕೆ.

ಅದೇ ಕಚೇರಿಯ ಗಣತಿದಾರ ಅವನು. ಬಿಸಿಲಿರಲಿ, ಮೋಡವಿರಲಿ, ಕಂಕುಳಲ್ಲಿ ಛತ್ರಿ. ಗುಡ್ಡದ ಮೇಲಿನ ಈ ಬಂಗಲೆಗಳ ಬೀದಿ, ಕೆಳಗಿನ ತಗ್ಗಿನ ಓಣಿಗಳು, ಎರಡೂ ಅವನ ಪಾಲಿನ ಜಾಗ. ಮೇಷ್ಟ್ರು ಸತ್ತ ದಿನ ಎಲ್ಲಿದ್ದೆ ಎಂದು ಕೇಳಿದಾಗಲೆಲ್ಲ ಅವನು ಉತ್ತರಕ್ಕಿಂತ ಮೊದಲು ಬೆವರುತ್ತಿದ್ದ. ಹಾಗಾಗಿ ನನ್ನ ಅನುಮಾನದ ಸಾಲಿನಲ್ಲಿ ಅವನಿಗೂ ಒಂದು ಜಾಗ ಕೊಟ್ಟಿದ್ದೆ.

“ಈ ಗುರುತು ಯಾರದ್ದು?” ಎಂದೆ.

ಅವನು ಬಗ್ಗಿ ನೋಡಿದ. ಮುಖ ಬಿಳಿಚಿಕೊಂಡಿತು.

“ಮೇಷ್ಟ್ರದ್ದು ಮೇಡಂ. ನಾವು ಗಣತಿ ಮಾಡಿದ್ರೆ ಸುತ್ತ ಸೊನ್ನೆ ಹಾಕ್ತೀವಿ. ಮೇಲ್ವಿಚಾರಕರು ಮತ್ತೆ ಬಂದು ಪರೀಕ್ಷೆ ಮಾಡಿದ್ರೆ ಮಾತ್ರ ಚೌಕ.”

“ಬಂದ ತಕ್ಷಣ ಹಾಕ್ತೀರೋ, ಹೋಗುವಾಗಲೋ?”

“ಹೋಗುವಾಗ. ಮನೆಯವರು ಬಾಗಿಲು ತೆಗೆದು, ಕೂರಿಸಿ, ಎಲ್ಲಾ ಪ್ರಶ್ನೆಗೂ ಉತ್ತರ ಕೊಟ್ಟ ಮೇಲೆ. ಅರ್ಧಕ್ಕೆ ಎದ್ದು ಬಂದ್ರೂ ಹಾಕೋ ಹಾಗಿಲ್ಲ. ಅದರಲ್ಲಿ ಮೇಷ್ಟ್ರು ಬಲು ಕಟ್ಟುನಿಟ್ಟು.”

ನನ್ನ ಕಿವಿ ನಿಮಿರಿತು. ಬಂಗಲೆಯ ಯಜಮಾನರು ಪೊಲೀಸರಿಗೆ ಬೇರೆಯದೇ ಹೇಳಿದ್ದರು. ತಾವು ಸಂಸಾರ ಸಮೇತ ವಿದೇಶದಲ್ಲಿದ್ದೆವು, ಮನೆಗೆ ಬೀಗ ಹಾಕಿತ್ತು, ಯಾರೂ ಬಂದಿಲ್ಲ, ಯಾರೂ ಮಾತಾಡಿಲ್ಲ. ಹಾಗಾದರೆ ಈ ಚೌಕ ಎಲ್ಲಿಂದ ಉದುರಿತು?

“ಈ ಬೀದೀಲಿ ಉಳಿದ ಗೇಟುಗಳಿಗೂ ಗುರುತಿದೆಯಾ?”

ಛತ್ರಿ ಛತ್ರಿಯನ್ನು ಈ ಕಂಕುಳಿನಿಂದ ಆ ಕಂಕುಳಿಗೆ ಬದಲಾಯಿಸಿದ.

“ಮುಂದಿನ ಗೇಟಿಗೆ ಇರಲ್ಲ ಮೇಡಂ.”

“ಮುಂದಿನ ಗೇಟಿಗೆ ಇಲ್ಲದೆ ಇನ್ನೆಲ್ಲಿರುತ್ತೆ? ನಡಿ, ತೋರಿಸು.”

ಬಂಗಲೆಗಳ ಬೆನ್ನಿಗೆ ಒಂದು ಕಿರಿದಾದ ಗಲ್ಲಿ. ಅಲ್ಲಿ ಕಸದ ಡಬ್ಬಿಗಳು, ಒಣಹಾಕಿದ ಬಟ್ಟೆ, ಗ್ಯಾಸ್ ಸಿಲಿಂಡರು. ಪ್ರತಿ ಬಂಗಲೆಗೂ ಹಿಂದೆ ಒಂದು ತುಕ್ಕು ಹಿಡಿದ ಗೇಟು, ಗೇಟಿನ ಪಕ್ಕ ಒಂದು ಕೋಣೆ. ಕಾವಲುಗಾರರು, ಡ್ರೈವರುಗಳು, ಅಡುಗೆಯವರು ಇರುವುದು ಅಲ್ಲಿ. ಆ ಗೇಟುಗಳ ಮೇಲೆ ಸೊನ್ನೆಯ ಮೇಲೆ ಸೊನ್ನೆ. ಹಳೆಯದು ಮಾಸಿ, ಅದರ ಮೇಲೆ ಹೊಸದು, ವರ್ಷಾನುಗಟ್ಟಲೆಯಿಂದ ಒಂದರ ಮೇಲೊಂದು.

ನಾನು ಛತ್ರಿಯ ಮುಖ ನೋಡಿದೆ. ಅವನು ನೆಲ ನೋಡಿದ.

“ಬೆಲ್ ಒತ್ತಿದ್ರೆ ಇವರು ಬಾಗಿಲು ತೆಗೆಯಲ್ಲ ಮೇಡಂ. ನಾಯಿ ಬಿಡ್ತಾರೆ. ಮೂರು ಸಲ ಹೋಗಿ ಬಾಗಿಲು ತೆಗೀಲಿಲ್ಲ ಅಂದ್ರೆ ಹತ್ತಿರದ ಇನ್ನೊಂದು ಮನೆ ಹಿಡಿಯಬಹುದು ಅಂತ ನಿಯಮ ಇದೆ. ಹತ್ತಿರದ ಮನೆ ಅಂದ್ರೆ ಇದೇ ತಾನೆ? ಇವರಾದ್ರೆ ಕೂರಿಸಿ, ಟೀ ಕೊಟ್ಟು, ಸಂಬಳ ಎಷ್ಟು, ಸಾಲ ಎಷ್ಟು, ಎಲ್ಲಾ ಹೇಳ್ತಾರೆ.”

“ಅಂದ್ರೆ ಗುಡ್ಡದ ಆದಾಯ ಅಂತ ನೀವು ಬರೆದಿದ್ದೆಲ್ಲಾ ಈ ಕೋಣೆಗಳ ಆದಾಯ.”

“ಸುಳ್ಳು ಬರೆದಿಲ್ಲ ಮೇಡಂ. ಒಂದಂಕಿಯೂ ಸುಳ್ಳಲ್ಲ.”

ಅದೇ ನನ್ನ ಮೈ ಉರಿಸಿದ್ದು. ಸುಳ್ಳು ಬರೆದಿದ್ದರೆ ಯಾರಾದರೂ ಎಂದಾದರೂ ಹಿಡಿಯುತ್ತಿದ್ದರು. ಇವರು ನಿಜವನ್ನೇ ಬರೆದಿದ್ದರು, ಬೇರೆಯವರ ಮನೆಯ ನಿಜವನ್ನು.

ಅಡುಗೆಯಾಕೆ ತನ್ನ ಕೋಣೆಯಿಂದ ನೀರು ತಂದುಕೊಟ್ಟಳು. ಬಾಗಿಲಿನಿಂದ ಒಳಗೆ ಕಣ್ಣು ಹಾಯಿಸಿದೆ. ಒಂದು ಮಂಚ, ಒಂದು ಒಲೆ, ಗೋಡೆಗೆ ಒತ್ತಿ ಜೋಡಿಸಿದ ಪುಸ್ತಕಗಳು. ಮೇಜಿಡಲು ಜಾಗವೇ ಇರಲಿಲ್ಲ.

“ಮಗಳದ್ದು. ಗುಡ್ಡದ ಶಾಲೇಲಿ ಓದ್ತಾಳೆ,” ಎಂದಳು. ಇಡೀ ದಿನದಲ್ಲಿ ಅವಳ ಮುಖ ಅರಳಿದ್ದು ಆಗ ಮಾತ್ರ. “ಫೀಸು ಮಾಫಿ. ಇಲ್ಲಾಂದ್ರೆ ನಮ್ಮಂಥೋರಿಗೆ ಆ ಶಾಲೆ ಎಲ್ಲಿಂದ ಬರಬೇಕು?”

ಅಲ್ಲೇ ಮೆಟ್ಟಿಲು ಶುರುವಾಗುತ್ತದೆ, ಗಲ್ಲಿಗೆ ಬಂಗಲೆಯ ಹಿತ್ತಲಿನಿಂದ ಇಳಿಯುವ ಕಡಿದಾದ ಕಲ್ಲುಮೆಟ್ಟಿಲು. ಮೇಷ್ಟ್ರು ಉರುಳಿದ್ದು ಇದರ ಮೇಲಿನಿಂದಲೇ. ಅಂದರೆ ಅವರು ಮುಂದಿನ ಬಾಗಿಲಿನಿಂದ ಒಳಗೆ ಹೋಗಿ, ಮಾತು ಮುಗಿಸಿ, ಗೇಟಿಗೆ ಚೌಕ ಹಾಕಿ, ಆಮೇಲೆ ಮನೆಯ ಪಕ್ಕದಿಂದ ಹಿತ್ತಲಿಗೆ ಬಂದಿದ್ದರು. ಗಡಿಯಾರ ಕದಿಯುವ ಕತೆಯಲ್ಲಿ ಇದಕ್ಕೆಲ್ಲ ಜಾಗವಿರಲಿಲ್ಲ.

“ನಾಳೆ ನಮ್ಮನೆಯವರು ಮನೆಗೆ ಬರ್ತಾರಾ ಅಕ್ಕಾ?”

“ಬರೋ ಹಾಗೆ ಮಾಡ್ತೀನಿ,” ಎಂದೆ. ಇಂಥ ಮಾತು ಕೊಡಬಾರದು. ಕೊಟ್ಟೆ.

ಗಣತಿ ಕಚೇರಿಗೆ ತಗ್ಗಿನ ಮೂಲಕ ನಡೆದು ಹೋದೆವು. ಛತ್ರಿ ಅರ್ಧ ದಾರಿಯಲ್ಲೇ ಕೆಲಸ ನೆನಪಾಯಿತೆಂದು ಜಾರಿಕೊಂಡ. ದವಾಖಾನೆಯ ಬಾಗಿಲಿಗೆ ಹಲಗೆ ಬಡಿದಿದ್ದರು. ಹೋದ ವರ್ಷದ ನಕ್ಷೆಯಲ್ಲಿ ತಗ್ಗು ಗುಡ್ಡಕ್ಕಿಂತ ಬಡವಲ್ಲ ಎಂದು ತೇಲಿಬಂದದ್ದೇ ತಡ, ವೈದ್ಯರನ್ನು ಬೇರೆ ಕಡೆ ವರ್ಗ ಮಾಡಿದರು. ಬಸುರಿ ಹೆಂಗಸೊಬ್ಬಳು ಆ ಹಲಗೆಗೆ ಒರಗಿ ಬಸ್ಸಿಗೆ ಕಾಯುತ್ತಿದ್ದಳು. ಬಸ್ಸುಗಳನ್ನೂ ಅದೇ ನಕ್ಷೆ ನೋಡಿ ಕಡಿಮೆ ಮಾಡಿದ್ದರು.

ನಿರ್ದೇಶಕರ ಕೋಣೆ ತಣ್ಣಗಿತ್ತು. ಅಡುಗೆಯಾಕೆಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ನಾನೊಬ್ಬಳೇ ಒಳಗೆ ಹೋದೆ.

ಗೋಡೆಯ ತುಂಬ ಊರಿನ ನಕ್ಷೆ. ಶ್ರೀಮಂತ ಜಾಗಕ್ಕೆ ಕಡುಗೆಂಪು, ಬಡ ಜಾಗಕ್ಕೆ ಬಿಳಿ, ನಡುವಿನವಕ್ಕೆ ಹಳದಿ ಎಂದು ಕೆಳಗೆ ಬರೆದಿತ್ತು. ಇಡೀ ಊರು ಹಳದಿಯಾಗಿತ್ತು. ಗುಡ್ಡವೂ ಹಳದಿ, ತಗ್ಗೂ ಹಳದಿ. ಕಾಮಾಲೆ ಬಂದವರ ಕಣ್ಣಿನ ಹಾಗೆ. ಪಕ್ಕದಲ್ಲಿ ನಿರ್ದೇಶಕರು ಯಾರ ಕೈಯಿಂದಲೋ ಪ್ರಶಸ್ತಿ ತೆಗೆದುಕೊಳ್ಳುತ್ತಿದ್ದ ಫೋಟೋ.

“ಅತಿ ಕಡಿಮೆ ಅಂತರದ ಊರು,” ಎಂದರು ಅವರು, ನನ್ನ ನೋಟ ಹಿಡಿದು. “ಕೂತ್ಕೊಳ್ಳಿ ಮೇಡಂ.”

“ಅಂತರ ಹೇಗೆ ಅಳೀತೀರಿ?”

ಪಾಠ ಹೇಳಲು ಯಾರಾದರೂ ಸಿಕ್ಕಿದರೆ ಸಾಕು ಎಂದು ಕಾಯುತ್ತಿದ್ದವರಂತೆ ಅವರು ಮುಂದಕ್ಕೆ ಬಾಗಿದರು.

“ಊರಿನವರನ್ನೆಲ್ಲಾ ಸಾಲಾಗಿ ನಿಲ್ಲಿಸಿ ಅಂದ್ಕೊಳ್ಳಿ. ಎಲ್ಲರಿಗಿಂತ ಬಡವ ಮುಂದೆ, ಶ್ರೀಮಂತ ಕೊನೇಲಿ. ಮುಂದಿನ ಅರ್ಧ ಸಾಲಿನ ಕೈಯಲ್ಲಿ ಊರಿನ ಆದಾಯದ ಎಷ್ಟು ಪಾಲಿದೆ? ಕೊನೇ ನಾಲ್ಕು ಜನರ ಕೈಯಲ್ಲಿ ಎಷ್ಟಿದೆ? ಅದರ ಮೇಲೆ ಒಂದು ಸೂಚ್ಯಂಕ. ಎಲ್ಲರಿಗೂ ಸಮ ಇದ್ರೆ ಸೊನ್ನೆ. ಎಲ್ಲಾ ಒಬ್ಬನ ಹತ್ತಿರಾನೇ ಇದ್ರೆ ಒಂದು. ನಾವು ಸೊನ್ನೆಗೆ ಹತ್ತಿರ ಇದ್ದೀವಿ.”

“ಸಾಲಿನ ಕೊನೇಲಿ ನಿಲ್ಲಬೇಕಾದವನು ಬರಲೇ ಇಲ್ಲ. ಅವನ ಬದಲು ಅವನ ಕಾವಲುಗಾರನನ್ನ ತಂದು ನಿಲ್ಲಿಸಿದ್ರಿ. ಆಗ?”

ಅವರ ನಗು ಮುಖದಲ್ಲೇ ಉಳಿಯಿತು, ಕಣ್ಣು ಮಾತ್ರ ಬದಲಾಯಿತು.

“ಛತ್ರಿ ಬಾಯಿ ಬಿಟ್ಟ ಅನ್ಸುತ್ತೆ.”

“ಗೇಟುಗಳು ಬಾಯಿ ಬಿಟ್ಟವು. ನಿಮಗೆ ಗೊತ್ತಿತ್ತು.”

“ಗೊತ್ತಿತ್ತು,” ಎಂದರು ಸಲೀಸಾಗಿ. “ಆದ್ರೆ ಶುರು ಮಾಡಿದ್ದು ನಾನಲ್ಲ. ನೀವು ಯಾರ ಸಾವಿಗೆ ನ್ಯಾಯ ಕೇಳ್ತಿದ್ದೀರೋ ಅವರೇ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೇಷ್ಟ್ರಿಗೆ ನಾಯಿ ಕಚ್ಚಿತ್ತಂತೆ. ಅವತ್ತಿಂದ ಹಿಂದಿನ ಗೇಟು. ಹೊಸಬರಿಗೂ ಅದನ್ನೇ ಹೇಳಿಕೊಟ್ರು. ದವಾಖಾನೆ ಮುಚ್ಚಿದಾಗ ಮಾತ್ರ ಅವರಿಗೆ ಎಚ್ಚರ ಆಯ್ತು.”

ಸತ್ತವರು ದೇವರಾಗಿಬಿಟ್ಟರೆ ನಮ್ಮ ಕೆಲಸ ಸುಲಭ. ಇವರು ಆಗಲಿಲ್ಲ.

“ಎಚ್ಚರ ಆಗಿ ಏನು ಮಾಡಿದ್ರು?”

“ಗುಡ್ಡದ ಮುಂದಿನ ಬಾಗಿಲುಗಳನ್ನೆಲ್ಲಾ ತಟ್ಟಿ, ಗಣತಿ ಮತ್ತೆ ಮಾಡ್ತೀನಿ ಅಂದ್ರು. ನಾನು ಬೇಡ ಅಂದೆ. ಕೇಳಲಿಲ್ಲ.”

“ನಿಮ್ಮ ಪ್ರಶಸ್ತಿ ಹೋಗ್ತಿತ್ತು. ಹೆದರಿಕೆ ಆಗಲಿಲ್ವಾ?”

“ಆಯ್ತು. ಅಷ್ಟಕ್ಕೆ ಕೊಲೆ ಮಾಡೋನಾಗಿದ್ರೆ ಈ ಕಚೇರೀಲಿ ಇಷ್ಟರಲ್ಲಿ ಯಾರೂ ಉಳೀತಿರಲಿಲ್ಲ. ಆ ಹೊತ್ತಿಗೆ ನಾನು ಮಂತ್ರಿಗಳ ಸಭೇಲಿ ಇದ್ದೆ. ವಿಡಿಯೋ ಇದೆ. ನೀವು ಆಗಲೇ ನೋಡಿರ್ತೀರಿ.”

ನೋಡಿದ್ದೆ. ಮುಂದಿನ ಸಾಲಿನಲ್ಲಿ ಕೂತು ತೂಕಡಿಸುತ್ತಿದ್ದರು.

“ಹಾಗಾದ್ರೆ ನಾಳೆ ಕೋರ್ಟಿನಲ್ಲಿ ಇದೆಲ್ಲಾ ಹೇಳ್ತೀನಿ,” ಎಂದೆ. “ಮುಂದಿನ ಗೇಟಿನ ಚೌಕ, ಹಿಂದಿನ ಗೇಟಿನ ಸೊನ್ನೆ, ಎಲ್ಲಾ. ಈ ಲೆಕ್ಕ ಬಯಲಾದ್ರೆ ಬಂಗಲೆಯವರ ಮನೆ ತೆರಿಗೆ ಏರುತ್ತೆ, ನಿಮ್ಮ ಮರ್ಯಾದೆ ಇಳಿಯುತ್ತೆ. ಮೇಷ್ಟ್ರು ಸುಮ್ಮನಾಗಲಿ ಅಂತ ಬಯಸೋಕೆ ಅರ್ಧ ಊರಿಗೆ ಕಾರಣ ಇತ್ತು, ಕಾವಲುಗಾರನೊಬ್ಬನನ್ನ ಬಿಟ್ಟು. ನ್ಯಾಯಾಧೀಶರಿಗೆ ಅಷ್ಟು ಅರ್ಥ ಆದ್ರೆ ಸಾಕು, ಅವನು ಹೊರಗೆ ಬರ್ತಾನೆ.”

ನಿರ್ದೇಶಕರು ಎದ್ದು ನಕ್ಷೆಯ ಹತ್ತಿರ ಹೋದರು. ಗುಡ್ಡದ ಮೇಲೆ ಬೆರಳಿಟ್ಟರು.

“ಇಲ್ಲೊಂದು ಶಾಲೆ ಇದೆ. ಊರಿಗೇ ಒಳ್ಳೇ ಶಾಲೆ. ಅಲ್ಲಿ ಬಡ ಮಕ್ಕಳಿಗೆ ಫೀಸಿಲ್ಲದ ಸೀಟು ಯಾಕಿಟ್ಟಿದ್ದಾರೆ ಗೊತ್ತಾ? ಗುಡ್ಡದಲ್ಲಿ ಬಡ ಸಂಸಾರಗಳಿವೆ ಅಂತ ಈ ನಕ್ಷೆ ಹೇಳುತ್ತೆ, ಅದಕ್ಕೆ. ಮೇಷ್ಟ್ರು ಅಂದ್ಕೊಂಡ ಹಾಗೆ ಗುಡ್ಡ ಕಡುಗೆಂಪಾದ್ರೆ ಆ ಸೀಟುಗಳು ರದ್ದು. ಈಗ ಅಲ್ಲಿ ಓದ್ತಿರೋರು ಯಾರ ಮಕ್ಕಳು ಹೇಳಿ ನೋಡೋಣ?”

ಅಡುಗೆಯಾಕೆಯ ಕೋಣೆಯ ಗೋಡೆಗೆ ಒತ್ತಿ ಜೋಡಿಸಿದ್ದ ಪುಸ್ತಕಗಳು ಕಣ್ಣ ಮುಂದೆ ಬಂದವು.

“ಹೊರಡುವಾಗ ಮೇಷ್ಟ್ರು ಇಲ್ಲೇ, ಈ ಬಾಗಿಲಲ್ಲಿ ನಿಂತು ಹೇಳಿದ್ರು. ‘ಬಂಗಲೆಯವರ ಹತ್ತಿರ ಲೆಕ್ಕ ಕೇಳ್ತೀನಿ. ಆಮೇಲೆ ಹಿಂದಿನ ಕೋಣೆಯವರಿಗೆ ನಾನೇ ಬಾಯಾರೆ ಹೇಳಿ ಬರ್ತೀನಿ, ನಿಮ್ಮ ಮಗಳ ಸೀಟು ಹೋಗುತ್ತೆ ಅಂತ. ಕಾಗದ ಕಳಿಸಿ ತಿಳಿಸೋ ವಿಷಯ ಅಲ್ಲ ಅದು.’ ಹಾಗೆ ಹೇಳೋಕೆ ಹೋದವರು ಆ ಕೋಣೆಯ ಬಾಗಿಲಲ್ಲೇ ಸತ್ತರು.”

“ಇದನ್ನ ಪೊಲೀಸರಿಗೆ ಹೇಳಿದ್ದೀರಾ?”

“ಅವರು ಕೇಳಿಲ್ಲ. ಗಡಿಯಾರದ ಕತೇನೇ ಅವರಿಗೆ ಸಿಹಿಯಾಗಿದೆ. ಅದು ಬಡಕಲು ಕತೆ ಮೇಡಂ, ಒಳ್ಳೇ ವಕೀಲ ಸಿಕ್ಕಿದ್ರೆ ನಿಲ್ಲಲ್ಲ. ನೀವು ಗೇಟಿನ ವಿಷಯ ಎತ್ತಲಿಲ್ಲ ಅಂದ್ರೆ ನಾನು ಸೀಟಿನ ವಿಷಯ ಎತ್ತಲ್ಲ. ಎತ್ತಿದ್ರೋ, ಕೊಲೆಗೆ ಕಾರಣ ಹುಡುಕಿಕೊಟ್ಟ ಪುಣ್ಯ ನಿಮ್ಮದೇ.”

ಕೈ ತೊಳೆದುಕೊಂಡವರಂತೆ ಅವರು ಕುರ್ಚಿಗೆ ಮರಳಿದರು. ಹೊಡೆಯಬೇಕೆನ್ನಿಸಿತು. ನಿಜವಾಗಿಯೂ ಅನ್ನಿಸಿತು. ತಗ್ಗಿನ ಬಸುರಿಯರನ್ನೂ ಒಬ್ಬ ಕಾವಲುಗಾರನ ಕತ್ತನ್ನೂ ಒಂದೇ ತಕ್ಕಡಿಯಲ್ಲಿಟ್ಟು, ಯಾವುದು ಬೇಕೋ ಆರಿಸಿಕೋ ಎಂದು ನನಗೇ ಹೇಳುತ್ತಿದ್ದರು.

“ಒಂದು ಮಾತು ಉಳೀತು,” ಎಂದೆ ಬಾಗಿಲಲ್ಲಿ ನಿಂತು. “ಮುಂದಿನ ಬಾಗಿಲು ತೆಗೆದೋರು ಯಾರು? ಬಂಗಲೆಯವರು ಸುಳ್ಳು ಹೇಳ್ತಿದ್ದಾರೆ.”

“ಇಲ್ಲ. ಅವರು ವಿದೇಶದಲ್ಲೇ ಇದ್ದರು, ನಾನೂ ವಿಚಾರಿಸಿದ್ದೀನಿ. ಬೀಗದ ಕೈ ಇದ್ದದ್ದು ಅಡುಗೆಯವಳ ಹತ್ತಿರ. ಅವಳನ್ನ ಕೇಳಿ.”

ಅಡುಗೆಯಾಕೆ ಬೆಂಚಿನ ತುದಿಯಲ್ಲಿ ಕೂತಿದ್ದಳು. ಸರ್ಕಾರಿ ಬೆಂಚಿನ ಪೂರ್ತಿ ಜಾಗ ತೆಗೆದುಕೊಳ್ಳಲು ಇವರಿಗೆ ಯಾವತ್ತೂ ಧೈರ್ಯ ಬರುವುದಿಲ್ಲ. ನಾನು ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಸೀಟಿನ ಮಾತು ಬಂದಾಗ ಅವಳ ಕೈ ಸೆರಗಿನ ತುದಿಯನ್ನು ಹಿಡಿದುಕೊಂಡಿತು.

“ನಮ್ಮನೆಯವರಿಗೆ ಈ ವಿಷಯ ಗೊತ್ತೇ ಇರಲಿಲ್ಲ ಅಕ್ಕಾ. ರಾತ್ರಿ ಪಾಳಿ ಮುಗಿಸಿ ಮಲಗಿದ್ರು. ಯಾರೋ ಬಿದ್ದ ಸದ್ದಿಗೆ ಎದ್ದಿದ್ದು.”

“ನೀನು?”

“ನಾನು ತರಕಾರಿ ತರೋಕೆ ಹೋಗಿದ್ದೆ.”

ಅದು ನಿಜ. ಅಂಗಡಿಯವನನ್ನು ಮೊದಲನೇ ದಿನವೇ ವಿಚಾರಿಸಿ ಖಚಿತ ಮಾಡಿಕೊಂಡಿದ್ದೆ.

“ಬೀಗದ ಕೈ ಜೊತೇಲಿ ತಗೊಂಡು ಹೋಗಿದ್ಯಾ?”

“ಇಲ್ಲ, ಮನೇಲೇ...”

ಮಾತು ಅಲ್ಲೇ ನಿಂತಿತು. ಅವಳು ನನ್ನ ಕಡೆ ತಿರುಗಲಿಲ್ಲ. ಎದುರಿನ ಗೋಡೆಯನ್ನೇ ನೋಡುತ್ತ ಕೂತಳು.

“ಏನಮ್ಮಾ?”

“ಬಂಗಲೆಯವರು ಊರಲ್ಲಿಲ್ಲದಾಗ ನಾಯಿ ಕಟ್ಟಿಹಾಕಿ ಮಗಳು ಅಲ್ಲಿ ಕೂತು ಓದ್ಕೋತಾಳೆ. ಅವರ ಊಟದ ಮೇಜಿನ ಮೇಲೆ. ನಮ್ಮ ಕೋಣೇಲಿ ಜಾಗ ಇಲ್ಲವಲ್ಲ. ಬೀಗದ ಕೈ ಅವಳ ಹತ್ತಿರ ಕೊಟ್ಟು ಹೋಗಿದ್ದೆ.”

ಮುಂದಿನ ಗೇಟಿಗೆ ಚೌಕ ಹೇಗೆ ಬಂತೆಂದು ಆಗ ತಿಳಿಯಿತು.

ಮೇಷ್ಟ್ರು ಬೆಲ್ ಒತ್ತಿದ್ದಾರೆ. ಅಪರೂಪಕ್ಕೆ ಗುಡ್ಡದ ಒಂದು ಬಾಗಿಲು ತೆರೆದಿದೆ. ಗುಡ್ಡದ ಶಾಲೆಯ ಸಮವಸ್ತ್ರ ತೊಟ್ಟ ಹುಡುಗಿ, ಉದ್ದದ ಮೇಜಿನ ಮೇಲೆ ಹರಡಿದ ಪುಸ್ತಕಗಳು. ಇಷ್ಟು ವರ್ಷ ಹಿಂದಿನ ಕೋಣೆಯವರನ್ನೇ ಬಂಗಲೆಯವರೆಂದು ಬರೆದ ಮನುಷ್ಯ ಕೊನೆಗೂ ಬಂಗಲೆಯ ಮಗಳು ಸಿಕ್ಕಳೆಂದು ಸಂತೋಷಪಟ್ಟಿರಬೇಕು. ಕೂತು ಪ್ರಶ್ನೆ ಕೇಳಿದ್ದಾರೆ. ಸಿಕ್ಕಿಬಿದ್ದೆನಲ್ಲ ಎಂಬ ಹೆದರಿಕೆಗೆ ಅವಳು ಬಂಗಲೆಯ ಮಗಳಾಗಿಯೇ ಉತ್ತರ ಕೊಟ್ಟಿದ್ದಾಳೆ. ಎದ್ದು ಹೋಗುವಾಗ ಅವರು, ಮನೆಯವರ ಹತ್ತಿರ ಹೇಳುವಂತೆ, ಹಿಂದಿನ ಕೋಣೆಯ ಹುಡುಗಿಯ ಸೀಟು ಹೋಗುವ ವಿಷಯ ಹೇಳಿದ್ದಾರೆ. ಹಿತ್ತಲಿಗೆ ದಾರಿ ಯಾವುದು ಎಂದು ಅವಳನ್ನೇ ಕೇಳಿದ್ದಾರೆ.

ಆಮೇಲೆ ಮೆಟ್ಟಿಲ ಮೇಲೆ ಏನಾಯಿತೋ ನನಗೆ ಗೊತ್ತಿಲ್ಲ. ಅವಳು ತಡೆದಳೋ, ಕೈ ಹಿಡಿದು ಎಳೆದಳೋ, ಅವರೇ ಜಾರಿದರೋ. ಅವಳನ್ನು ಬಿಟ್ಟರೆ ಗೊತ್ತಿದ್ದದ್ದು ಒಬ್ಬನಿಗೆ. ಸದ್ದಿಗೆ ಎದ್ದು ಬಂದು ಮೇಲೆ ನೋಡಿದವನಿಗೆ.

“ಗಡಿಯಾರ ನಮ್ಮನೆಯವರೇ ಬಿಚ್ಚಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಾರೆ,” ಎಂದಳು ಅಡುಗೆಯಾಕೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಅಲ್ಲಿಗೆ ತಲುಪಿದ್ದಳು. “ಪೊಲೀಸರು ಹುಡುಕಲಿ, ಮಗಳ ಕಡೆ ನೋಡದಿರಲಿ ಅಂತ.”

“ಮೊದಲು ಮಗಳ ಹತ್ತಿರ ಮಾತಾಡೋಣ. ಅವಳು ತಳ್ಳಿದ್ದಾಳೆ ಅಂತ ಯಾರು ಹೇಳಿದ್ದು? ಕಾಲು ಜಾರಿರಬಹುದು. ಹಾಗಿದ್ರೆ ಇಬ್ಬರೂ ಉಳೀತಾರೆ.”

“ತಳ್ಳಿದ್ರೆ?”

ಅವಳು ಎದ್ದಳು. ಸೆರಗು ಸರಿಮಾಡಿಕೊಂಡಳು. ಗಂಡನನ್ನು ಬಿಡಿಸಿಕೊಡಿ ಎಂದು ನನ್ನ ಮೆಟ್ಟಿಲು ಹತ್ತಿ ಕಾಲು ಹಿಡಿಯಲು ಬಂದವಳು ಇವಳೇ ಎಂದು ನಂಬಲಾಗಲಿಲ್ಲ. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ.

“ನಾಳೆ ನೀವು ಕೋರ್ಟಿಗೆ ಬರಬೇಡಿ ಅಕ್ಕಾ.”

“ಏನು ಮಾತಾಡ್ತಿದ್ದೀಯಾ? ಅಲ್ಲಿ ನಿನ್ನ ಗಂಡ...”

“ಗೊತ್ತು,” ಎಂದಳು. “ಅವರು ಒಳಗೇ ಇರಲಿ.”